ಚೌಕಿಯಲ್ಲೇ ಕುಳಿತ ವೇಷಗಳು

ನಮ್ಮ ಸೋದರಮಾವನ ವೀರ್ಯಾಣುಗಳ ಸಮಾಚಾರ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಗೊತ್ತಿತ್ತು. ಇಂಥ ಗುಟ್ಟು ಹೊರಗೆ ಬಿದ್ದದ್ದು ಹೇಗೆ ಅಂತೀರಾ? ಮಾವನೇ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ!

ಮಾವ ಕಾನಸೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಎಲ್ಲರೂ ಅತ್ತೆಯನ್ನೇ ಕೇಳುವವರು. "ಎಂತೂ ವಿಶೇಷ ಇಲ್ಯನೇ?" ಎಂದು ಶುರುವಾದ ಮಾತು ಅಶ್ವತ್ಥ ಪ್ರದಕ್ಷಿಣೆ, ನಾಗಪೂಜೆ, ಕಷಾಯಗಳನ್ನೆಲ್ಲ ಸುತ್ತಿ, ಮಾವನಿಗೆ ಇನ್ನೊಂದು ಮದುವೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅತ್ತೆ ಊಟದ ಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಳು. ಹಿತ್ತಲ ಕಡೆ ಬಾಳೆಲೆ ತೊಳೆಯುತ್ತ ಕೂತು, ಎಲ್ಲರೂ ಎದ್ದ ಮೇಲೆ ನಾಲ್ಕು ತುತ್ತು ತಿನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಅತ್ತೆಗೆ ಏನೂ ತೊಂದರೆಯಿಲ್ಲ, ಮಾವನ ವೀರ್ಯಾಣುಗಳೇ ಬೆಳೆಯುತ್ತ ಬೆಳೆಯುತ್ತ ಅರ್ಧಕ್ಕೆ ನಿಂತುಬಿಡುತ್ತವೆ ಎಂದರಂತೆ ಡಾಕ್ಟರು. ಒಂದೊಂದು ಹಂತದಲ್ಲಿ ಒಂದೊಂದು ಗುಂಪಿನ ಜೀನು ಎಚ್ಚರಾಗಬೇಕು, ಹಿಂದಿನವು ಸುಮ್ಮನಾಗಬೇಕು. ಎಲ್ಲೋ ಒಂದು ಏಳುತ್ತಿಲ್ಲವಂತೆ! ಬೇರೆಯವರಾಗಿದ್ದರೆ ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದರು. ನಮ್ಮ ಮಾವ ವಾಪಸು ಬರುವ ಬಸ್ಸಿನಲ್ಲೇ ಕಂಡಕ್ಟರನಿಗೆ ಪಾಠ ಶುರು ಮಾಡಿದ.

"ನೋಡಿ, ಮೂಗಿನ ಜೀವಕೋಶದಲ್ಲೂ ಜೀನಿನ ಪೂರ್ತಿ ಪುಸ್ತಕ ಇರ್ತದೆ. ಅದು ಮೂಗಿನ ಪುಟ ಮಾತ್ರ ಓದ್ತದೆ. ನನ್ನ ವೀರ್ಯಾಣು ಅರ್ಧ ಪುಟಕ್ಕೇ ನಿದ್ದೆ ಹೋಗ್ತದೆ!"

ಹಾವೇರಿ ಕಡೆಯ ಕಂಡಕ್ಟರ್ ಏನು ತಿಳಿದುಕೊಂಡನೋ! "ನಿದ್ದಿ ಬರೂದಾದ್ರ ಕಿಡಕಿ ಕಡೆ ಕುಂಡ್ರಸ್ರೀ, ಗಾಳಿ ಬರ್ತೈತಿ" ಎಂದು ಮುಂದೆ ಹೋದ.

ವೀರ್ಯಾಣುಗಳಿಗೆ ಬಿಸಿ ತಾಗಬಾರದು ಎಂದೂ ಡಾಕ್ಟರು ಹೇಳಿದ್ದರು. ಮಾವ ಬಚ್ಚಲ ಹಂಡೆಯ ಬೆಂಕಿಯನ್ನೇ ಆರಿಸಿಬಿಟ್ಟ. ತಾನೊಬ್ಬ ತಣ್ಣೀರು ಮಿಂದರೆ ಸಾಲದೇ? ಇಲ್ಲ, ಬಂದ ನೆಂಟರಿಗೂ ತಣ್ಣೀರೇ! "ನಿಂಗಳದ್ದು ಇನ್ನೂ ಪರೀಕ್ಷೆ ಆಯ್ದಿಲ್ಲೆ, ಹುಷಾರಿ ಬೇಕು" ಎನ್ನುತ್ತಿದ್ದ. ಹಲ್ಲಿಲ್ಲದ ಪುರೋಹಿತರೂ ಗಡಗಡ ನಡುಗುತ್ತ ಮಿಂದರು.

ಪುಸ್ತಕದ ಉದಾಹರಣೆ ಯಾರ ತಲೆಗೂ ಹೋಗದಿದ್ದಾಗ ಮಾವ ಯಕ್ಷಗಾನ ಹಿಡಿದ. "ಪ್ರಸಂಗ ಎಲ್ಲಾ ಭಾಗವತ್ರ ಚೀಲದಲ್ಲಿ ಇದ್ದು. ಆದ್ರೆ ಅವು ಪದ ಹೇಳಿದ್ರೆ ಮಾತ್ರ ವೇಷ ಹೊರಡ್ತು. ಎನ್ನ ವೇಷ ಎಲ್ಲಾ ಅರ್ಧ ಬಣ್ಣ ಬಳ್ಕಂಡು, ರಂಗಸ್ಥಳಕ್ಕೆ ಬರದೇ, ಬಣ್ಣದ ಚೌಕಿಯಲ್ಲೇ ಕುಂತಿದ್ದು!" ಸಿದ್ದಾಪುರದ ಹೋಟೆಲಿನಲ್ಲಿ ಇದನ್ನು ಕೇಳಿದ ಯಾರೋ "ಯಾವ ಮೇಳ?" ಎಂದರು. ಮಾವ ಯಕ್ಷಗಾನದ ಆಟ ಆಡಿಸುತ್ತಾನೆಂದು ಸುದ್ದಿಯಾಗಿ, ಚಂಡೆಯವನೊಬ್ಬ ಮನೆಗೇ ಬಂದ! ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ನನಗೂ ಗೊತ್ತಿದ್ದದ್ದೆಲ್ಲ ಕಲಸುಮೇಲೋಗರವಾಯಿತು. ಪರೀಕ್ಷೆಯಲ್ಲಿ ಜೀನಿನ ಪ್ರಶ್ನೆಗೆ ಭಾಗವತರನ್ನು ಬರೆದು ಬಂದೆ.

ಹೀಗಿರುವಾಗ ಹುಲಗೋಳದಲ್ಲಿ ನೆಂಟರ ಮನೆಯ ಸೀಮಂತ. ಅತ್ತೆ ಮುಂದಿನ ಪಂಕ್ತಿಗೆಂದು ತೊಳೆದ ಬಾಳೆಲೆ ಹಿಡಿದು ಬರುತ್ತಿದ್ದಾಗ ಪಂಕ್ತಿಯಲ್ಲಿದ್ದ ದೊಡ್ಡಮ್ಮನೊಬ್ಬಳು ಎಲ್ಲರಿಗೂ ಕೇಳುವಂತೆ, "ಏ ಕೂಸೆ, ನಿಂಗೆ ಸೀಮಂತ ಯಾವಾಗ್ಲೇ?" ಎಂದಳು. ಅತ್ತೆ ಎಲೆಗಳನ್ನು ಅವಚಿಕೊಂಡು ಹಿತ್ತಲ ಕಡೆ ತಿರುಗಿದಳು.

ಎದುರು ಸಾಲಿನಲ್ಲಿ ಮಾವ ಊಟದ ನಡುವೆ ಎದ್ದೇಬಿಟ್ಟ! "ದೊಡ್ಡಮ್ಮಾ, ಎನ್ನ ಕೇಳು! ವಿಷಯ ಎನ್ನದು!" ಎಂದವನು ಮೂಗಿನ ಪುಟದಿಂದ ಶುರು ಮಾಡಿ ಚೌಕಿಯವರೆಗೆ ಬಂದ. ಪಾಯಸ ಬಡಿಸುವವನು ಸೌಟು ಎತ್ತಿದವ ಹಾಗೇ ನಿಂತ. ದೊಡ್ಡಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು, "ಸಾಕು ಮಾರಾಯ, ಕುಂತ್ಗ! ಆನು ಇನ್ನು ಯಾರ ಹತ್ರವೂ ಎಂತೂ ಕೇಳ್ತ್ನಿಲ್ಲೆ!" ಎಂದಳು.

ಸಂಜೆ ಬಸ್ಸಿಗೆ ಕಾಯುವಾಗ ನಾನು ಕೇಳಿದೆ: "ಮಾವ, ಆ ಜೀನು ಎಂತಕ್ಕೆ ಏಳ್ತಿಲ್ಲೆ?"

"ಎಂಗೆಂತ ಗೊತ್ತಿದ್ದು ತಮಾ? ಡಾಕ್ಟ್ರು ಹೇಳಿದ್ದರಲ್ಲಿ ಎಂಗೆ ಅರ್ಥ ಆಗಿದ್ದು ಒಂದೇ. ನಿನ್ನತ್ತೆದು ಎಂತೂ ತಪ್ಪಿಲ್ಲೆ. ಅಷ್ಟು ಮಾತ್ರ ಹೇಳಿದ್ರೆ ಯಾರು ನಂಬ್ತ?"

ಮುಂದಿನ ಊಟದ ಮನೆಯಲ್ಲಿ ಅತ್ತೆ ಹೆಂಗಸರ ಪಂಕ್ತಿಯ ನಟ್ಟನಡುವೆ ಕೂತಿದ್ದಳು. ಯಾರೂ ಏನೂ ಕೇಳಲಿಲ್ಲ. ಎಲ್ಲರ ಕಣ್ಣೂ, ಈ ಪುಣ್ಯಾತ್ಮ ಎಲ್ಲಿ ಎದ್ದುಬಿಡುತ್ತಾನೋ ಎಂಬ ಗಾಬರಿಯಲ್ಲಿ ಮಾವನ ಮೇಲೇ ಇತ್ತು. ಮಾವ ಮಾತ್ರ ಅತ್ತೆಯ ಎಲೆಯನ್ನು ನೋಡುತ್ತಿದ್ದ. ಅತ್ತೆ ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.