ರೈಫಲ್ಲಿಗೊಂದು ಕಂಬಳಿ

ಮಳೆಯಲ್ಲಿ ತಾನು ತೊಯ್ದು ತೊಪ್ಪೆಯಾಗುತ್ತ, ತನ್ನ ರೈಫಲ್ಲಿಗೆ ಕಂಬಳಿ ಹೊದಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ!

ಅದು ಹೈದರಾಬಾದ್ ಸಂಸ್ಥಾನದ ಕೊನೆಯ ಮಳೆಗಾಲ, ನಲವತ್ತೆಂಟನೆಯ ಇಸವಿಯದು. ಹುಮನಾಬಾದಿನ ಹೊರಗಿನ ಕಲ್ಲುಗಣಿಯಲ್ಲಿ ಬೆಳಗಾದರೆ ನಾವು ಸೇರುತ್ತಿದ್ದೆವು. ನಮ್ಮ ಓಣಿಯ ಏಳೆಂಟು ಗಂಡಸರು, ಅವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನ ಗಾಣದ ಮಲ್ಲಪ್ಪ, ಹೊಸದಾಗಿ ಮದುವೆಯಾಗಿದ್ದ ನಾನು, ಎಲ್ಲರಿಗೂ ಗುರುವಾಗಿ ಕಾಕಾ. ಬದಿಯ ಬಂಡೆಯ ಮೇಲೆ ತೂತುಬಿದ್ದ ಕೊಡೆ ಹಿಡಿದು, ಎಣ್ಣೆಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಿಸ್ತ್ರಿ. ಮಿಸ್ತ್ರಿ ಎಂದರೆ ಬೀಗ, ಬಂದೂಕು, ಹೊಲಿಗೆಯಂತ್ರ ಎಲ್ಲವನ್ನೂ ರಿಪೇರಿ ಮಾಡುವ ಮಸೀದಿ ಓಣಿಯ ಸಾಹೇಬರು; ಕಾಕಾನ ಲಂಗೋಟಿ ಗೆಳೆಯ.

ಲೂಟಿಕೋರರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂಬ ಸುದ್ದಿಯನ್ನೇ ಉಂಡು ಮಲಗುವ ಕಾಲ ಅದು. ಓಣಿ ಕಾಯಲು ಗಂಡಸರೆಲ್ಲ ಗುರಿ ಹೊಡೆಯುವುದನ್ನು ಕಲಿಯಬೇಕೆಂದು ಹಿರಿಯರು ಹೇಳಿದರು. ಇದ್ದದ್ದು ಕಾಡುಹಂದಿ ಹೆದರಿಸಲು ಕಾಕಾ ಇಟ್ಟುಕೊಂಡಿದ್ದ ಒಂದೇ ರೈಫಲ್. ಕಾಡತೂಸು? ಒಂದೂ ಇಲ್ಲ! ಇದ್ದವನ್ನು ಹಂದಿಗಳು ಮುಗಿಸಿದ್ದವು, ಹೊಸದು ಎಲ್ಲಿಯೂ ಸಿಗುತ್ತಿರಲಿಲ್ಲ.

ಹಾಗಾದರೆ ತಾಲೀಮು ಹೇಗೆ ಅಂತೀರಾ? ಬಾಯಿಂದ! ಸುಣ್ಣ ಬಳಿದ ಹಳೇ ಮೊರವೊಂದನ್ನು ಎದುರಿನ ಗೂಟಕ್ಕೆ ಕಟ್ಟಿರುತ್ತಿದ್ದರು. ನಾವು ಒಬ್ಬೊಬ್ಬರಾಗಿ ಕೆಸರಿನಲ್ಲಿ ಬೋರಲು ಮಲಗಿ, ಗುರಿ ಹಿಡಿದು, ಉಸಿರು ಕಟ್ಟಿ, ರೈಫಲ್ಲಿನ ಕುದುರೆ ಎಳೆದು ‘ಠೋ’ ಅನ್ನಬೇಕು. ಕಾಕಾ ಕಣ್ಣು ಮುಚ್ಚಿಕೊಂಡು ತೀರ್ಪು ಕೊಡುತ್ತಿದ್ದರು.

“ಮಲ್ಲಪ್ಪಾ, ಎಡಕ್ಕ ಹೋತು.”

“ಗುಂಡೇ ಇಲ್ಲಲ್ರಿ ಕಾಕಾ, ಎಡಕ್ಕ ಹ್ಯಾಂಗ ಹೋಗ್ತದ?”

“ಮೊದಲು ಠೋ ಅಂದಿ, ಆಮ್ಯಾಲ ಎಳದಿ. ನಿನ್ನ ಬಾಯಿ ಬೆರಳಿಗಿಂತ ಮುಂದ ಓಡ್ತದೋ!”

ಬಂಡೆಯ ಮೇಲಿಂದ ಮಿಸ್ತ್ರಿ ನಗುತ್ತಿದ್ದರು. “ಅರೇ, ಅದು ಸೀದಾ ಕಲ್ಯಾಣಕ್ಕ ಹೋಗಿ ನನ್ನ ತಮ್ಮನ ಅಂಗಡಿ ಶೀಶೆ ಒಡದಿರಬೇಕು!” ಈಗಿನ ಬಸವಕಲ್ಯಾಣವನ್ನು ಆಗ ನಾವು ಬರೀ ಕಲ್ಯಾಣ ಅನ್ನುತ್ತಿದ್ದೆವು. ಮಿಸ್ತ್ರಿಯ ತಮ್ಮನಿಗೆ ಅಲ್ಲಿ ಅತ್ತರಿನ ಅಂಗಡಿಯಿತ್ತು.

ತಾಲೀಮು ಮುಗಿದೊಡನೆ ಕಾಕಾ ತಮ್ಮ ಮೈಮೇಲಿನ ಕಂಬಳಿ ತೆಗೆದು ರೈಫಲ್ಲಿಗೆ ಸುತ್ತುವರು. ಚಳಿಗಾಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ಗತ್ತೇನು ಕಡಿಮೆಯೇ! ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಉರಿದುಬೀಳುವಳು.

“ನನಗ ಒಂದು ಚಾದರ ತಂದವರಲ್ಲ, ಆ ಸವತಿಗೆ ಕಂಬಳಿ ಹೊದಿಸ್ತೀರಿ!”

“ಅಕಿ ತುಕ್ಕು ಹಿಡೀತಾಳ. ನೀ ಹಿಡೀತಿಯೇನ?”

ಒಂದು ದಿನ ಮಲ್ಲಪ್ಪ ಮೊರದ ಮೇಲೆ ಇದ್ದಲಿನಿಂದ ಕಣ್ಣು, ಮೂಗು, ಗಡ್ಡ ಬರೆದು ತಂದ. ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ನಗಲಿಲ್ಲ. ಧೋತರದ ಚುಂಗಿನಿಂದ ಅದನ್ನು ಉಜ್ಜಿ ಉಜ್ಜಿ ಒರೆಸಿದರು.

“ಮುಖಕ್ಕ ಗುರಿ ಇಡೂದು ಒಮ್ಮೆ ರೂಢಿ ಆತಂದ್ರ, ಆಮ್ಯಾಲ ಕೈ ಯಾರ ಮುಖ ಅಂತ ಕೇಳಂಗಿಲ್ಲ” ಎಂದರು. ಅಂದು ತಾಲೀಮು ನಡೆಯಲಿಲ್ಲ. ಮಿಸ್ತ್ರಿ ಸುಮ್ಮನೆ ಎಣ್ಣೆಡಬ್ಬಿಯ ಮುಚ್ಚಳ ತಿರುವುತ್ತ ಕೂತಿದ್ದರು.

ನಾವು ಕಾದಿದ್ದ ಲೂಟಿಕೋರರು ನಮ್ಮ ಓಣಿಗೆ ಬರಲೇ ಇಲ್ಲ. ಭಾದ್ರಪದದಲ್ಲಿ ಸೈನ್ಯ ಬಂತು, ಸಂಸ್ಥಾನ ಮುಗಿಯಿತು, ಪೇಢೆ ಹಂಚಿದೆವು. ಪೇಢೆಯ ಸಿಹಿ ನಾಲಗೆಯ ಮೇಲಿರುವಾಗಲೇ ಸೇಡು ಬೀದಿಗೆ ಇಳಿಯಿತು. ಲೂಟಿ ಮಾಡಿದವರು ಎಂದೋ ಓಡಿಹೋಗಿದ್ದರು. ಕೈಗೆ ಸಿಕ್ಕವರು ಏನೂ ಮಾಡದ ಮಸೀದಿ ಓಣಿಯವರು.

ಅಂದು ಸಂಜೆ ಊಟಕ್ಕೆ ಬಾರದ ಕಾಕಾನನ್ನು ಹುಡುಕಿಕೊಂಡು ಹೊರಟೆ. ಮಿಸ್ತ್ರಿಯ ಮನೆಯ ಬಾಗಿಲ ಮುಂದೆ, ಸುರಿಯುವ ಮಳೆಯಲ್ಲಿ, ಕೆಸರಿನಲ್ಲಿ ಬೋರಲು ಮಲಗಿದ್ದರು! ರೈಫಲ್ಲಿನ ನಳಿಗೆಯ ಮೇಲೆ ನೀರು ಹರಿಯುತ್ತಿತ್ತು. ಕಂಬಳಿ ಎಲ್ಲಿ? ಬಾಗಿಲ ಸಂದಿಯಲ್ಲಿ ಕಂಡಿತು. ಅದನ್ನು ಹೊದ್ದು ಮಿಸ್ತ್ರಿ ಮುದುಡಿ ಕೂತಿದ್ದರು.

ಅಷ್ಟರಲ್ಲಿ ಮಲ್ಲಪ್ಪ ಬಂದ. ಕೈಯಲ್ಲಿ ಕೊಡಲಿ, ಹಿಂದೆ ನಮ್ಮ ಕಲ್ಲುಗಣಿಯ ಗಂಡಸರೇ.

“ಕಾಕಾ, ಏಳ್ರಿ. ನಿಮಗ ನಾವು ಏನೂ ಮಾಡಂಗಿಲ್ಲ.”

ಮೊರಕ್ಕೂ ಮುಖ ಬೇಡವೆಂದಿದ್ದ ಕಾಕಾ ಮಲ್ಲಪ್ಪನ ಮುಖಕ್ಕೇ ಗುರಿಯಿಟ್ಟರು.

“ಅದರಾಗ ಕಾಡತೂಸು ಇಲ್ಲಂತ ನಮಗ ಗೊತ್ತದ್ರಿ.”

“ಠೋ” ಎಂದರು ಕಾಕಾ.

ಯಾರೂ ನಗಲಿಲ್ಲ.

“ಹಣಿಗೆ ಬಿತ್ತು ಮಲ್ಲಪ್ಪಾ. ನೀ ಸತ್ತಿ. ನಿನ್ನ ಹೆಂಡತಿಗೆ ಯಾರು ಹೇಳ್ಬೇಕು, ನಾನೇ ಹೋಗ್ಲೇನು?” ನಳಿಗೆ ಮೆಲ್ಲಗೆ ಪಕ್ಕದವನ ಕಡೆ ತಿರುಗಿತು. “ಠೋ. ನಿಮ್ಮವ್ವ ಒಬ್ಬಾಕಿ ಉಳದ್ಲು.” ಮತ್ತೆ ತಿರುಗಿತು. “ಠೋ. ನಿನ್ನ ಕೂಸಿಗೆ ಇನ್ನೂ ಹೆಸರಿಟ್ಟಿದ್ದಿಲ್ಲಲ್ಲೋ.”

ಹಿಂದಿದ್ದವನೊಬ್ಬ ಬಡಿಗೆಯನ್ನು ಗೋಡೆಗೆ ಆನಿಸಿ ಹೊರಟುಹೋದ. ಅವನ ಬೆನ್ನಿಗೆ ಇನ್ನೊಬ್ಬ. ಕೊನೆಗೆ ಮಲ್ಲಪ್ಪನೊಬ್ಬನೇ ಉಳಿದ. ಕೊಡಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಡಕ್ಕ ಹೋತ್ರಿ ಕಾಕಾ” ಎಂದ. ಆ ದೊಡ್ಡ ಗಂಟಲು ಒಡೆದಿತ್ತು.

“ಇಲ್ಲೋ ಮಗನಾ. ನಾ ಮೊದಲು ಎಳದೀನಿ, ಆಮ್ಯಾಲ ಅಂದೀನಿ.”

ಮಲ್ಲಪ್ಪ ತಲೆ ತಗ್ಗಿಸಿ ತಿರುಗಿ ನಡೆದ.

ಕಲ್ಯಾಣದ ಅತ್ತರಿನ ಅಂಗಡಿಯ ಮುಂದೆ ಯಾರೂ ಕೆಸರಿನಲ್ಲಿ ಮಲಗಿರಲಿಲ್ಲ. ತಮ್ಮನ ಸುದ್ದಿ ಬಂದಾಗ ಮಿಸ್ತ್ರಿಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಕಾಕಾನೇ ಹೊಡೆದುಕೊಂಡು ಹೋದರು. ಮರಳಿ ಬಂದಾಗ ಮೈಮೇಲೆ ಕಂಬಳಿ ಇರಲಿಲ್ಲ.

“ಎಲ್ಲಿ ಬಿಟ್ರಿ?” ಎಂದಳು ಕಾಕು.

“ಅವನ ತಮ್ಮಗ ಹೊದಿಸಿ ಬಂದ್ವಿ. ಮಣ್ಣು ಭಾಳ ಹಸಿ ಇತ್ತು.”



ಕೆಲವು ದಿನಗಳ ಮೇಲೆ, ಬಂದೂಕು ಇದ್ದವರು ತಂದು ಕಚೇರಿಗೆ ಒಪ್ಪಿಸಬೇಕೆಂದು ಡಂಗುರ ಹೊಡೆಸಿದರು. ಕಾಕಾ ಬರಿಯ ರೈಫಲ್ ಹಿಡಿದು ಹೊಸ್ತಿಲು ದಾಟುತ್ತಿದ್ದರು, ಜಿಟಿಜಿಟಿ ಮಳೆ. ಕಾಕು ಒಳಗಿಂದ ತನ್ನ ಕೌದಿಯನ್ನು ತಂದು ಅದಕ್ಕೆ ಸುತ್ತಿದಳು.

“ಅಕಿ ತೊಯ್ದಾಳು” ಎಂದಳು.

ಕಾಕಾ ರೈಫಲ್ಲನ್ನು ಒಪ್ಪಿಸಿದರು. ಕೌದಿಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ತಾವು ತೊಯ್ಯುತ್ತ ಮನೆಗೆ ಬಂದರು.