ವಿಮಾನ ನಿಲ್ದಾಣದ ಹತ್ತಿರ ನಮ್ಮ ಮಾಳಿಗೆಯ ಖೋಲಿ

ನಮ್ಮ ಕಡೆಯ ಜನ ಸುಳ್ಳು ಹೇಳುವುದಿಲ್ಲ. ‘ಇಲ್ಲೇ ಐತಿ’ ಅನ್ನುತ್ತಾರೆ, ಅಷ್ಟೇ. ಒಮ್ಮೆ ಮಮದಾಪುರಕ್ಕೆ ಮದುವೆಗೆ ಹೋಗಿದ್ದೆ. ಮದುವೆ ಮನೆ ಕೆರೆಯ ದಂಡೆಗಿದೆ ಎಂದಿದ್ದರು. ಬಸ್ಸಿಳಿದು, ಕುರಿ ಕಾಯುವ ಹಿರಿಯರೊಬ್ಬರನ್ನು ಕೆರೆ ಎಲ್ಲಿ ಎಂದು ಕೇಳಿದೆ. “ಇಲ್ಲೇ ಐತಿ, ಬರ್ರಿ” ಎಂದವರೇ ಕುರಿಗಳ ಜೊತೆ ನನ್ನನ್ನೂ ಹೊಡೆದುಕೊಂಡು ಹೊರಟರು. ಕೆರೆ ಕಾಣುವ ಹೊತ್ತಿಗೆ ನನ್ನ ಹೊಸ ಚಪ್ಪಲಿ ಕಿತ್ತು ಕೈಗೆ ಬಂದಿತ್ತು, ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದಾಗಿತ್ತು, ಊಟಕ್ಕೆ ಕೂತವರು ಎದ್ದು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ದಿನಾ ಆ ದಾರಿ ತುಳಿಯುವ ಕಾಲಿಗೆ ಅದು ಹತ್ತಿರವೇ. ಆದರೆ ವಿಮಾನವನ್ನೇ ಹತ್ತದ ನಾನು, ವಿಮಾನವೇ ಇಳಿಯದ ನಿಲ್ದಾಣದ ಬಗ್ಗೆ ‘ಹತ್ತಿರ’ ಎಂದು ಬರೆದೆನಲ್ಲ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಇದೆ. ಅರಕೇರಿಯಿಂದಲೋ ಕಳ್ಳಕವಟಗಿಯಿಂದಲೋ ದವಾಖಾನೆಗೆ, ಕೋರ್ಟಿಗೆ ಬರುವ ಬಂಧುಗಳು ಉಳಿದುಕೊಳ್ಳಲಿ ಎಂದು ಕಟ್ಟಿಸಿದ್ದು. ಈಗ ಯಾರೂ ಉಳಿಯುವುದಿಲ್ಲ. ಬೆಳಿಗ್ಗೆ ಬಂದವರು ಕೆಲಸ ಮುಗಿಸಿ, ಚಹಾ ಕುಡಿದು, ಸಂಜೆಯ ಬಸ್ಸು ಹಿಡಿಯುತ್ತಾರೆ. ಖೋಲಿಯಲ್ಲಿ ಶೇಂಗಾ ಚೀಲ, ಮುರಿದ ಫ್ಯಾನು ಮತ್ತು ನನ್ನ ವ್ಯಾಯಾಮದ ಸೈಕಲ್ಲು ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿದ್ದವು. ನಾನು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಪಕ್ಕದ ಮೇಜಿನ ದಸ್ತಗೀರ ಒಂದು ದಿನ, “ಖೋಲಿ ಖಾಲಿ ಯಾಕ ಇಟ್ಟೀರಿ ಸರ? ಮೊಬೈಲಿನಾಗ ಹಾಕೂಣು, ದೇಶದ ಮಂದಿ ಬರ್ತಾರ” ಅಂದ. ದೇಶದ ಮಂದಿಯ ಆಸೆಗೆ ನಾನು ಕರಗಿದೆ. ಜಾಹೀರಾತಿನ ಒಕ್ಕಣೆ ಮಾತ್ರ ನನ್ನದೇ ಆಗಬೇಕೆಂದು ಹಟ ಹಿಡಿದೆ. ಕಚೇರಿಯ ಪತ್ರಗಳನ್ನು ಬರೆದು ಬರೆದು ನನ್ನ ಗದ್ಯದ ಮೇಲೆ ನನಗೊಂದು ಅಭಿಮಾನ ಬೆಳೆದಿತ್ತು.

“ಗೋಲಗುಂಬಜ ಸನೇಕ ಅಂತ ಬರೀರಿ ಸರ” ಅಂದ ದಸ್ತಗೀರ. ನಾನು ನಕ್ಕೆ. ಈ ಊರಿನಲ್ಲಿ ಪಾನ್‌ ಅಂಗಡಿಯಿಂದ ಪಂಕ್ಚರ್ ಅಂಗಡಿಯವರೆಗೆ ಎಲ್ಲರೂ ಗೋಲಗುಂಬಜದ ಹತ್ತಿರವೇ ಇದ್ದಾರೆ. ಅದನ್ನೇ ನಾನೂ ಬರೆದರೆ ಏನು ಹೊಸತು? ಊರ ಹೊರಗೆ ವಿಮಾನ ನಿಲ್ದಾಣ ಕಟ್ಟುತ್ತಿದ್ದರು. ವಿಮಾನ ಇನ್ನೂ ಬಂದಿರಲಿಲ್ಲ, ಆದರೆ ಬರುವುದು ಖಚಿತವಾಗಿತ್ತು. ನಾನು ಬರೆದೆ: ‘ವಿಜಯಪುರದಲ್ಲಿ ಪ್ರಶಾಂತ ಕೊಠಡಿ. ವಿಮಾನ ನಿಲ್ದಾಣಕ್ಕೆ ಹತ್ತಿರ. ಮನೆಯ ಊಟ.’ ಓದಿ ಹೇಳಿದಾಗ ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇಮಾನ ಎಲ್ಲೈತ್ರಿ?” ಎಂದು ಕೇಳಿದಳು. “ಬರ್ತೈತಿ” ಅಂದೆ. “ಬಂದ ಮ್ಯಾಲ ಬರೀರಲ್ಲ” ಅಂದಳು. ದೂರದೃಷ್ಟಿಯ ಮನುಷ್ಯನಿಗೆ ಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬಹಳ ದಿನ ಯಾರೂ ಬರಲಿಲ್ಲ. ನಾವು ಮರೆತೇಬಿಟ್ಟಿದ್ದಾಗ ಒಂದು ಬುಕಿಂಗ್ ಬಂತು. ಸರೋಜಮ್ಮ ಎಂಬ ಹೆಸರು, ಒಂದೇ ರಾತ್ರಿ. ಗುಂಬಜ ನೋಡಲು ಬರುವವರು ಇರಬೇಕು ಎಂದುಕೊಂಡೆ. ಮನೆಯಲ್ಲಿ ಹಬ್ಬ ಬಂದಂತಾಯಿತು. ಶೇಂಗಾ ಚೀಲ ಕೆಳಗಿಳಿಯಿತು, ಸೈಕಲ್ಲು ಪಡಸಾಲೆಗೆ ಬಂದು ಎಲ್ಲರ ಮೊಣಕಾಲಿಗೆ ಬಡಿಯತೊಡಗಿತು. ಕಸ್ತೂರಿ ಹೊಸ ಚಾದರ ಹಾಸಿ, ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹಿಂಡಿ ಮಾಡಿಟ್ಟಳು. ಸಂಜೆ ಬಿಸಿಲು ಇಳಿಯುವಾಗ ಫೋನು ಬಂತು.

“ಸಾರ್, ನಾನು ಸರೋಜಮ್ಮ. ವಿಜಯಪುರದ ಬಸ್ ಸ್ಟ್ಯಾಂಡಲ್ಲಿ ಇಳ್ಕೊಂಡಿದ್ದೀನಿ. ಮನೆಗೆ ಎಂಗೆ ಬರ್ಬೇಕು?”

“ಅಲ್ಲೇ ನಿಂದರ್ರಿ ಅಕ್ಕಾರ, ನಾನ ಬರ್ತೀನಿ” ಎಂದು ಸ್ಕೂಟರ್ ತೆಗೆದೆ. ಬಸ್ ನಿಲ್ದಾಣದ ಬಾಗಿಲಲ್ಲಿ ನಿಂತು, ಬಂದುಹೋಗುವ ಹೆಂಗಸರನ್ನೆಲ್ಲ ಸರೋಜಮ್ಮನವರೇ ಇರಬಹುದೇ ಎಂದು ನೋಡಿದೆ. ಕೆಲವರು ತಿರುಗಿ ನೋಡಿದ ರೀತಿಗೆ ಹೆದರಿ ಮತ್ತೆ ಫೋನು ಹಚ್ಚಿದೆ.

“ಅಕ್ಕಾರ, ನಾ ಗೇಟಿನ ಮುಂದ ಅದೀನಿ. ಬಿಳಿ ಅಂಗಿ, ಕೆಂಪು ಸ್ಕೂಟರ್.”

“ನಾನೂ ಗೇಟ್ ಮುಂದೇನೇ ಇದ್ದೀನಿ ಸಾರ್. ಕೆಂಪು ಸ್ಕೂಟರ್ ಯಾವ್ದೂ ಇಲ್ವಲ್ಲ?”

“ನಿಮಗ ಎದುರಿಗೆ ಏನ ಕಾಣಾಕತ್ತೈತ್ರಿ?”

“ಒಂದು ಬೇಕರಿ. ಪಕ್ಕದಾಗೆ ರೇಷ್ಮೆಗೂಡಿನ ಮೂಟೆ ತುಂಬಿದ ಟೆಂಪೋ.”

ಜೋಳ ತುಂಬಿದ ಟೆಂಪೋ, ಈರುಳ್ಳಿ ತುಂಬಿದ ಟೆಂಪೋ ನಾನು ಬೇಕಾದಷ್ಟು ನೋಡಿದ್ದೇನೆ. ರೇಷ್ಮೆಗೂಡು? “ಕ್ವಾಟಿ ಗ್ವಾಡಿ ಕಾಣಸ್ತೈತೇನ್ರಿ, ದೊಡ್ಡ ಕಲ್ಲಿನ ಗ್ವಾಡಿ?” ಎಂದು ಕೇಳಿದೆ. ಅವರು ಏನೋ ಹೇಳಿದರು, ಗುಡುಗಿನಂಥ ಸದ್ದಿನಲ್ಲಿ ಮುಚ್ಚಿಹೋಯಿತು. ಸದ್ದು ನಿಂತ ಮೇಲೆ, “ಸ್ವಲ್ಪ ಜೋರಾಗಿ ಮಾತಾಡಿ ಸಾರ್. ತಲೆ ಮೇಲೇನೇ ವಿಮಾನ ಓಯ್ತಾ ಇತ್ತು” ಅಂದರು.

ನಾನು ತಲೆಯೆತ್ತಿ ನಮ್ಮ ವಿಜಯಪುರದ ಆಕಾಶ ನೋಡಿದೆ. ಒಂದೇ ಒಂದು ಹದ್ದು ತಿರುಗುತ್ತಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದ ಆಚೆ, ದೇವನಹಳ್ಳಿಯ ಕಡೆ ಇನ್ನೊಂದು ವಿಜಯಪುರ ಇದೆ ಎನ್ನುವುದು ನನಗೆ ಗೊತ್ತಾದದ್ದು ಅವತ್ತು, ಆ ಹದ್ದಿನ ಕೆಳಗೆ. ಸರೋಜಮ್ಮ ಚಿಂತಾಮಣಿ ಕಡೆಯವರು. ಮಗಳು ಗುವಾಹಟಿಯಲ್ಲಿ, ಅಳಿಯ ಸೈನ್ಯದಲ್ಲಿ. ಅಳಿಯನನ್ನು ಗಡಿಗೆ ಕಳಿಸಿದ್ದಾರೆ, ಮಗಳಿಗೆ ದಿನ ತುಂಬಿದೆ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಹುಟ್ಟಿದ ಮೇಲೆ ಮೊದಲ ಸಲ ತಾಯಿಯೇ ವಿಮಾನ ಹತ್ತಲು ಹೊರಟಿದ್ದರು. ವಿಮಾನ ನಸುಕಿನಲ್ಲಿ. ತಮ್ಮನ ಮಗ ಮೊಬೈಲಿನಲ್ಲಿ ಖೋಲಿ ಹುಡುಕಿ, ನನ್ನ ಗದ್ಯವನ್ನು ನಂಬಿ, ಅತ್ತೆಯನ್ನು ಬಸ್ಸು ಹತ್ತಿಸಿ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಪಾಳಿ ಮುಗಿಯುವವರೆಗೆ ಅವನ ಫೋನು ಬಂದ್. ವಿಷಯ ತಿಳಿದಾಗ ಸರೋಜಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಈಗ ನಾನು ಎಲ್ಲಿಗೆ ಓಗ್ಲಿ ಸಾರ್?” ಎಂದು ಸಣ್ಣ ದನಿಯಲ್ಲಿ ಕೇಳಿದರು. ಆ ದನಿ ಹೊತ್ತುಕೊಂಡೇ ನಾನು ಮನೆಗೆ ಬಂದೆ.

ಕಸ್ತೂರಿ ಪೂರ್ತಿ ಕೇಳಿ, ನನ್ನನ್ನು ಒಂದು ಸಲ ನೋಡಿ, ಬೈಗುಳವನ್ನು ಮುಂದಕ್ಕಿಟ್ಟು, ಫೋನು ಕಸಿದುಕೊಂಡಳು. “ಅಕ್ಕಾರ, ನಾ ಕಸ್ತೂರಿ, ಇವರ ಮನಿಯಾಕಿ. ಅಂಜಬ್ಯಾಡ್ರಿ. ಆ ಬೇಕರಿಯವರ ಕೈಯಾಗ ಫೋನ್ ಕೊಡ್ರಿ.” ಬೇಕರಿಯವರಿಗೆ, “ಅಣ್ಣಾರ, ಅಕ್ಕಾರ್ನ ಒಂದೀಟು ನಿಮ್ಮ ಅಂಗಡ್ಯಾಗ ಕುಂದ್ರಿಸಿಕೋರಿ” ಅಂದಳು. ಆ ಕಡೆಯಿಂದ, “ಕುದುರೇನಾ ಮೇಡಂ? ಇಲ್ಯಾವ್ದೂ ಕುದುರೆ ಇಲ್ಲ” ಎಂದು ಉತ್ತರ ಬಂತು. ಒಂದೇ ಹೆಸರಿನ ಎರಡು ಊರು ಮಾಡಿಕೊಂಡ ನಾಡು ಎರಡು ಕನ್ನಡವನ್ನೂ ಮಾಡಿಕೊಂಡಿದೆ. ಕೊನೆಗೆ ಆ ಪುಣ್ಯಾತ್ಮ ಅರ್ಥ ಮಾಡಿಕೊಂಡು ಕುರ್ಚಿ ಹಾಕಿ, ಬನ್ನು ಕೊಟ್ಟು ಕೂರಿಸಿದ.

ನಾನು ನನ್ನ ಪಾಪ ತೊಳೆದುಕೊಳ್ಳಲು ಅಲ್ಲಿನ ಲಾಡ್ಜುಗಳಿಗೆ ದಸ್ತಗೀರನ ಫೋನಿನಿಂದ ಕರೆ ಮಾಡತೊಡಗಿದೆ. ಅವನನ್ನೂ ಕರೆಸಿಕೊಂಡಿದ್ದೆ, ಕಷ್ಟ ಹಂಚಿಕೊಳ್ಳಲು ಪಾಲುದಾರ ಬೇಕಲ್ಲ. ಒಂದು ಕಡೆ ಎಲ್ಲ ಭರ್ತಿ. ಇನ್ನೊಂದು ಕಡೆ, ಒಂಟಿ ಹೆಂಗಸರಿಗೆ ಕೊಡುವುದಿಲ್ಲ ಎಂದರು. ಮತ್ತೊಬ್ಬರು ಬಹಳ ವಿನಯದಿಂದ, “ಬನ್ನಿ ಸಾರ್, ಏರ್‌ಪೋರ್ಟಿಗೆ ತುಂಬಾ ಹತ್ತಿರ” ಎಂದರು. ಆ ಪದದ ಒಳಗುಟ್ಟು ಬಲ್ಲವನಾದ್ದರಿಂದ, “ಎಷ್ಟು ಹತ್ತರ್ರಿ? ನಿಮ್ಮ ಮಾಳಿಗಿ ಮ್ಯಾಲ ನಿಂತ್ರ ವಿಮಾನ ಕಾಣ್ತೈತೇನು?” ಎಂದು ಕೇಳಿದೆ. ಅವರು ಫೋನಿಟ್ಟರು.

ಅಷ್ಟರಲ್ಲಿ ಕಸ್ತೂರಿ ತನ್ನ ಫೋನಿನಿಂದ ತಮ್ಮ ಮಲ್ಲಪ್ಪನಿಗೆ ಕರೆ ಮಾಡಿದ್ದಳು. ಕಳ್ಳಕವಟಗಿಯಲ್ಲಿ ಅವನದು ದ್ರಾಕ್ಷಿ ತೋಟ. ದ್ರಾಕ್ಷಿಗೂ ವಿಮಾನಕ್ಕೂ ಏನು ಸಂಬಂಧ ಎಂದು ನಾನು ಯೋಚಿಸುತ್ತಿರುವಾಗಲೇ ಅವನ ದನಿ ಪಡಸಾಲೆಗೆಲ್ಲ ಕೇಳಿತು: “ಇಷ್ಟಕ್ಕ ಯಾಕ ಗಾಬರಿ ಆಗೀದಿ ಬೇ ಅಕ್ಕಾ? ಆ ವಿಜಯಪುರದಾಗ ನಮ್ಮ ಮುನಿರಾಜ ಅದಾನಲ್ಲ! ಅವಂದೂ ದ್ರಾಕ್ಷಿನ. ಹೋದ ವರ್ಷ ಒಣದ್ರಾಕ್ಷಿ ಮಾಡೂದು ನೋಡಾಕ ಬಂದು ನಮ್ಮ ಮನ್ಯಾಗ ವಾರಗಟ್ಲೆ ರೊಟ್ಟಿ ತಿಂದು ಹೋಗ್ಯಾನ. ಈಗ ಹೇಳ್ತೀನಿ ತಡಿ.” ಆಮೇಲೆ ನನ್ನನ್ನು ಕರೆದು, “ಮಾಮಾರ, ಬಿಜಾಪುರ ಅಂತ ಬರದಿದ್ರ ಈ ಪಜೀತಿನ ಇರ್ತಿದ್ದಿಲ್ಲ ನೋಡ್ರಿ” ಅಂದ. ಅಕ್ಕ ಮುಂದಕ್ಕಿಟ್ಟ ಬೈಗುಳದ ಒಂದು ಕಂತನ್ನು ತಮ್ಮ ಹೀಗೆ ತೀರಿಸಿದ.

ಮುನಿರಾಜ ಬರುವವರೆಗೆ ಕಸ್ತೂರಿ ಸರೋಜಮ್ಮನ ಫೋನು ಇಡಲಿಲ್ಲ. ಇಟ್ಟರೆ ಆ ಹೆಣ್ಣುಮಗಳು ಒಬ್ಬಳೇ ಆಗುತ್ತಾಳೆ ಎಂದು ಅವಳ ಲೆಕ್ಕ. ಬಾಣಂತಿಗೆ ಏನು ಒಯ್ಯುತ್ತಿದ್ದೀರಿ ಎಂದು ಕೇಳಿದಳು. ಅಂಟಿನುಂಡಿ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಅಂಟು ತುಪ್ಪದಲ್ಲಿ ಹೇಗೆ ಅರಳಬೇಕು, ಒಣಕೊಬ್ಬರಿ ಎಷ್ಟು ಹುರಿಯಬೇಕು, ಉತ್ತತ್ತಿ ಹೇಗೆ ಕುಟ್ಟಬೇಕು ಎಂದು ಇವಳು ಹೇಳುತ್ತ ಹೋದಳು. ನಡುವೆ ಅವರು ಅತ್ತರು. “ಮಗಳು ಒಬ್ಳೇ ಅವ್ಳೆ ಕಣಮ್ಮ, ನಾನು ಓಗೋದ್ರೊಳಗೆ ನೋವು ಶುರುವಾದ್ರೆ?” “ಆಗಂಗಿಲ್ಲ ಅಕ್ಕಾರ. ಕೂಸಿಗೂ ಗೊತ್ತಿರ್ತೈತಿ, ಅಮ್ಮ ಬರಾಕತ್ತಾಳಂತ” ಎಂದಳು ಕಸ್ತೂರಿ. ನಮ್ಮ ಕಡೆ ಅಜ್ಜಿಗೂ ಅಮ್ಮ ಅನ್ನುತ್ತೇವೆ. ಸರೋಜಮ್ಮನಿಗೆ ಅದು ಹೇಗೆ ಅರ್ಥವಾಯಿತೋ, ಅಳು ಮಾತ್ರ ನಿಂತಿತು. ಮಾತಿನ ನಡುವೆಯೇ, “ಕರ್ಕೊಂಡೋಗೋಕೆ ಬಂದವ್ರೆ ಕಣಮ್ಮ, ಗಂಡ ಹೆಂಡ್ತಿ ಇಬ್ರೂ” ಎಂದರು.

ಊಟಕ್ಕೆ ಕೂತಾಗ ಎಣ್ಣೆಗಾಯಿಯ ಕಡೆ ನಾನು ಕೈ ಚಾಚಿದೆ. “ನೀವು ಉಣ್ರಿ. ಅಕ್ಕಾರು ಇಮಾನ ಹತ್ತಿದ ಸುದ್ದಿ ಬರೂತನಕ ನನಗ ತುತ್ತು ಇಳಿಯಂಗಿಲ್ಲ” ಎಂದಳು ಕಸ್ತೂರಿ. ಹೀಗೆ ಹೇಳಿದ ಮೇಲೆ ನನಗಾದರೂ ಹೇಗೆ ಇಳಿದೀತು? ಆದರೂ ಎರಡು ರೊಟ್ಟಿ ಇಳಿದವು, ಮುಚ್ಚಿಡುವುದೇಕೆ. ಬೆಳಗಾಗುವಷ್ಟರಲ್ಲಿ ಮುನಿರಾಜನಿಂದ ಮಲ್ಲಪ್ಪನಿಗೆ, ಮಲ್ಲಪ್ಪನಿಂದ ನಮಗೆ ಸುದ್ದಿ ಬಂತು: ಸರೋಜಮ್ಮ ಮುದ್ದೆ ಉಂಡು ಮಲಗಿ, ಮುನಿರಾಜನ ಕಾರಿನಲ್ಲಿ ಹೋಗಿ ವಿಮಾನ ಹತ್ತಿದ್ದರು. ಆ ವಾರವೇ ಗುವಾಹಟಿಯಲ್ಲಿ ಹೆಣ್ಣುಮಗು ಹುಟ್ಟಿತು. ಅಜ್ಜಿ ಹೆರಿಗೆ ಕೋಣೆಯ ಬಾಗಿಲಲ್ಲೇ ಇದ್ದರಂತೆ. ಕಸ್ತೂರಿ ಓಣಿಗೆಲ್ಲ ಪೇಢೆ ಹಂಚಿದಳು. ಯಾರ ಮಗು ಎಂದು ಕೇಳಿದವರಿಗೆ, “ನಮ್ಮ ಖೋಲಿಗೆ ಬರಬೇಕಾದವರ ಮೊಮ್ಮಗಳ್ರಿ” ಎನ್ನುತ್ತಿದ್ದಳು. ಅದು ಯಾರಿಗೂ ತಿಳಿಯಲಿಲ್ಲ, ಪೇಢೆಯನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.

ಈಗ ಸರೋಜಮ್ಮನ ಫೋನು ಆಗಾಗ ಬರುತ್ತದೆ, ಕಸ್ತೂರಿಗೆ. ಮೊನ್ನೆ ದಸ್ತಗೀರ ನಗುತ್ತ ಮೊಬೈಲು ಹಿಡಿದು ಬಂದ. ನಮ್ಮ ಖೋಲಿಗೆ ಅವರು ಐದು ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಸಿದ್ದರು. ನಾನು ಕನ್ನಡಕ ಏರಿಸಿ, ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ: ‘ರೂಮು ನಾನು ನೋಡಿಲ್ಲ. ಇದಕ್ಕಿಂತ ಒಳ್ಳೆಯ ಜನ ಸಿಗುವುದಿಲ್ಲ. ಫೋನು ಯಜಮಾನರು ಎತ್ತಿದರೆ ಮಾತಾಡುತ್ತ ಕೂರಬೇಡಿ. ಅಮ್ಮನವರ ಕೈಗೆ ಕೊಡಿ ಎನ್ನಿ.’

ಕೊನೆಯ ಎರಡು ವಾಕ್ಯಗಳನ್ನು ಮೆಲ್ಲಗೆ ಓದಬಹುದಿತ್ತು ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು. ಒಳಗಿನಿಂದ ಕಸ್ತೂರಿ, “ಇನ್ನೊಮ್ಮೆ ಓದ್ರಿ” ಅಂದಳು.