ಅಕ್ಕನ ಕೋಣೆಯ ಗಾಳಿಯನ್ನು ಕಿಟಕಿ ಮುಚ್ಚಿ ಪರೀಕ್ಷಿಸಿಕೊಡುವ ಬಗ್ಗೆ

ಇಂದ:
ಮೂರನೇ ಮಹಡಿಯ ಬಾಣಂತಿಯ ತಮ್ಮ,
ಹಾಸಿಗೆ ಅಂಗಡಿಯಲ್ಲಿ ಸಾಮಾನು ಹೊರುವವನು

ಗೆ:
ದೊಡ್ಡ ಸಾಹೇಬರು,
ಮನೆಗಾಳಿ ಪರೀಕ್ಷಾ ಕಚೇರಿ

ವಿಷಯ: ಪಕ್ಕದ ಮನೆಯವನು ಮತ್ತಿನ ಪುಡಿ ಬೇಯಿಸುವಾಗ ನಮ್ಮ ಮನೆಗೆ ನುಗ್ಗುವ ರಾಸಾಯನಿಕ ಹೊಗೆಯ ಮರುಪರೀಕ್ಷೆ.

ಉಲ್ಲೇಖ: ಸದರಿ ಮನೆ ವಾಸಯೋಗ್ಯವೆಂದು ತಾವು ಮೊನ್ನೆ ದಯಪಾಲಿಸಿದ ಪ್ರಮಾಣಪತ್ರ.

ಮಾನ್ಯರೇ,

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಅರ್ಜಿದಾರನು, ಸಿಟ್ಟನ್ನು ಹಲ್ಲುಕಚ್ಚಿ ತಡೆದುಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅಕ್ಕನ ಕೋಣೆಗೂ ಪಕ್ಕದವನ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಬಿರುಕು ಬಿಟ್ಟದ್ದು. ಅಲ್ಲಿ ಒಲೆ ಹೊತ್ತಿದರೆ ಇಲ್ಲಿ ಹಸುಗೂಸಿಗೆ ಕೆಮ್ಮು. ಕಿಟಕಿ ತೆರೆದಿಡೋಣವೆಂದರೆ ಹೊರಗೆ ಕೊರೆಯುವ ಚಳಿ. ಕಾರಣ, ಅರ್ಜಿದಾರನು ಹೋಗಿ ಅವನ ಬಾಗಿಲು ಬಡಿದು ಎಗರಾಡಿದನು. ಅವನು ನಗುನಗುತ್ತಲೇ, "ನೆಲ ಒರೆಸೋ ಫಿನಾಯಿಲ್ ಮಾಡ್ತಿದೀನಿ ಕಣಪ್ಪ, ನಿಮಗೂ ಒಂದು ಬಾಟ್ಲಿ ಕೊಡ್ಲಾ?" ಎಂದನು. ಅವನ ಮನೆಯ ನೆಲ ನೋಡಿದವರು ಯಾರೂ ಈ ಮಾತನ್ನು ನಂಬುವುದಿಲ್ಲ.

೨. ಪೊಲೀಸರು, "ಹೊಗೆ ಇದೆ ಅಂತ ಸರ್ಟಿಫಿಕೇಟ್ ತಗೊಂಡು ಬಾ, ಆಮೇಲೆ ಅವನನ್ನ ವಿಚಾರಿಸ್ಕೊಳ್ತೀವಿ" ಎಂದರು. ಆದ್ದರಿಂದ ತಮ್ಮ ಕಚೇರಿಗೆ ಮೊರೆ ಹೋಗಲಾಯಿತು.

೩. ತಮ್ಮ ಪರೀಕ್ಷಕರು ಯಂತ್ರ ಹೊತ್ತು ಬಂದರು. ಬಂದವರೇ ಮನೆಯ ಕಿಟಕಿಗಳನ್ನೆಲ್ಲ ತೆರೆದು, ಫ್ಯಾನ್ ಹಾಕಿ, ಗಾಳಿಯಾಡಲಿ ಎಂದು ಟೀ ಕುಡಿಯಲು ಕೆಳಗಿಳಿದರು. ಸರ್ಕಾರಿ ಕೆಲಸಕ್ಕೆ ಸಹಕರಿಸುವ ಸಲುವಾಗಿ ಪಕ್ಕದವನೂ ತನ್ನ ಟೇಬಲ್ ಫ್ಯಾನ್ ತಂದಿಟ್ಟನು. ಅವರು ಟೀ ಮುಗಿಸಿ ಬಂದು ಯಂತ್ರ ಹಚ್ಚಿದರೆ, ಮುಳ್ಳು ಮಿಸುಕಾಡಲಿಲ್ಲ.

"ಸಾರ್, ಕಿಟಕಿ ಮುಚ್ಚಿ ನೋಡಿ ಸಾರ್."

"ಮುಚ್ಚಿದ ರೂಮಲ್ಲಿ ನಾವು ನಿಲ್ಲೋ ಹಾಗಿಲ್ಲಯ್ಯ, ರೂಲ್ಸ್ ಇದೆ. ನಮಗೂ ಹೆಂಡ್ತಿ ಮಕ್ಕಳಿದಾರೆ."

"ನಮ್ಮಕ್ಕಂಗೂ ಮಗು ಇದೆಯಲ್ಲ ಸಾರ್!"

"ಅದಕ್ಕೇ ತಾನೇ ವಾಸಯೋಗ್ಯ ಅಂತ ಬರ್ಕೊಟ್ಟಿರೋದು? ತಗೋ, ಸೈನ್ ಹಾಕು."

ಅರ್ಜಿದಾರನ ಮೈಯೆಲ್ಲ ಉರಿದುಹೋಯಿತು. ಆದರೂ ಸೈನ್ ಹಾಕಿದನು. ಪಕ್ಕದವನು ಸಾಕ್ಷಿ ಸಹಿ ಹಾಕಿದನು.

೪. ಈಗ ಪಕ್ಕದವನು ಆ ಪ್ರಮಾಣಪತ್ರದ ನಕಲು ಮಾಡಿಸಿ ತನ್ನ ಬಾಗಿಲಿಗೂ ಅಂಟಿಸಿಕೊಂಡು, ಹಗಲೂ ಒಲೆ ಹಚ್ಚುತ್ತಿದ್ದಾನೆ. ಮಗುವಿನ ಉಸಿರು ಗೊರಗೊರ ಎನ್ನುತ್ತಿದೆ. ಡಾಕ್ಟರಮ್ಮ, "ಆ ಮನೇಲಿ ಇನ್ನೊಂದು ದಿನಾನೂ ಮಲಗಿಸ್ಬೇಡಿ" ಎಂದಿದ್ದಾರೆ.

ಆದ್ದರಿಂದಲೂ, ಮೇಲ್ಕಂಡ ಕಾರಣಗಳಿಂದಲೂ, ಅರ್ಜಿದಾರನಿಗೆ ಬೇರೆ ಬಾಡಿಗೆ ಮನೆ ಹಿಡಿಯುವ ತ್ರಾಣ ಇಲ್ಲದ್ದರಿಂದಲೂ, ತಮ್ಮ ಕಚೇರಿ ಕೊಠಡಿಯ ಗಾಳಿ ಚೆನ್ನಾಗಿದೆ ಎಂದು ಅರ್ಜಿದಾರನೇ ಕಣ್ಣಾರೆ ಕಂಡು ಮೂಗಾರೆ ಉಸಿರಾಡಿ ಬಂದಿರುವುದರಿಂದಲೂ, ಕಿಟಕಿ ಮುಚ್ಚಿ ಮರುಪರೀಕ್ಷೆ ನಡೆಸುವವರೆಗೆ ಈ ಕೆಳಗಿನ ಲಗತ್ತುಗಳನ್ನು ತಾವೇ ಇಟ್ಟುಕೊಳ್ಳಬೇಕಾಗಿ ಕೋರಿಕೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧. ಡಾಕ್ಟರಮ್ಮನ ಚೀಟಿ (ನಕಲು)
೨. ಅಕ್ಕ (ಮೂಲಪ್ರತಿ)
೩. ಮಗು (ಮೂಲಪ್ರತಿ, ಬೇರೆ ಪ್ರತಿ ಇಲ್ಲ)
೪. ತೊಟ್ಟಿಲು, ಕುಲಾವಿ, ಹೊದಿಕೆ

ವಿ.ಸೂ.: ಮೂರನೇ ಲಗತ್ತು ಈಗಷ್ಟೇ ನಿದ್ದೆಗೆ ಜಾರಿದೆ. ಸ್ವೀಕೃತಿ ಮುದ್ರೆಯನ್ನು ಮೆಲ್ಲಗೆ ಒತ್ತಬೇಕಾಗಿ ವಿನಂತಿ.